ಆಷಾಢದ ಬೀಗದ ಕೈ ನಮಗೆ ಕೊಡಿ



‘ದಾವಣಗೆರೆಯಲ್ಲಿ ಈಗ ನಾಟಕ ನೋಡೋರು ಯಾರಿದ್ದಾರೆ ಬಿಡಿ’ ಎಂಬ ಮಾತನ್ನು ಈಚೆಗೆ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಸನ್ಮಾನದ ಶಾಲು ಹೊದ್ದುಕೊಂಡವರೂ ಹೇಳುತ್ತಾರೆ, ನೆರವು ಕೇಳಿಕೊಂಡು ಹೋದರೆ ಮೇಜಿನ ಆಚೆ ಕೂತವರೂ ಹೇಳುತ್ತಾರೆ. ನಾನು ಪಿ.ಜೆ. ಬಡಾವಣೆಯಲ್ಲಿ ಮೂವತ್ತು ವರ್ಷದಿಂದ ಇರುವ ನಿವೃತ್ತ ಶಿಕ್ಷಕಿ. ಹೆಂಗಸರೇ ಸೇರಿ ಕಟ್ಟಿಕೊಂಡ ಪುಟ್ಟ ತಂಡವೊಂದರಲ್ಲಿ ಹಾಡಿದ್ದೇನೆ, ಬಣ್ಣ ಹಚ್ಚಿದ್ದೇನೆ. ಆ ಮಾತು ನಿಜವಲ್ಲ ಎಂದು ಹೇಳಲೆಂದೇ ಈ ಪತ್ರ. ನೋಡುವವರಿಗೆ ಇಲ್ಲಿ ಬರವಿಲ್ಲ. ಬರ ಇರುವುದು ತಾಲೀಮಿನ ಜಾಗಕ್ಕೆ.

ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ನಾಟಕ ಕಂಪನಿಗಳು ಊರಲ್ಲಿ ಕ್ಯಾಂಪ್ ಹಾಕುತ್ತವಲ್ಲ, ಆ ಟೆಂಟಿನ ಮುಂದೆ ಒಂದು ರಾತ್ರಿ ನಿಂತು ನೋಡಿ. ಮಂಡಕ್ಕಿ ಪೊಟ್ಟಣ ಕೈಯಲ್ಲಿ, ಮಗು ಹೆಗಲ ಮೇಲೆ, ಹಾಗೆಯೇ ಟಿಕೆಟ್ಟಿಗೆ ನಿಂತಿರುತ್ತಾರೆ. ಪುಕ್ಕಟೆ ಪಾಸಿನವರಲ್ಲ, ದುಡ್ಡು ಕೊಟ್ಟು ನೋಡುವ ಜನ. ನಮ್ಮಂಥವರ ನಾಟಕಕ್ಕೂ ಬರುತ್ತಾರೆ. ಎರಡು ವರ್ಷದ ಹಿಂದೆ ಗಣೇಶನ ಪೆಂಡಾಲಿನಲ್ಲಿ ನಾವು ಆಡುತ್ತಿದ್ದಾಗ ಮಳೆ ಹಿಡಿಯಿತು. ಮೈಕ್ ನಿಂತಿತು. ಜನ ಮನೆಗೆ ಓಡಲಿಲ್ಲ. ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನೇ ತಲೆಯ ಮೇಲೆ ಬೋರಲು ಹಾಕಿಕೊಂಡು ನಿಂತರು. ‘ಜೋರಾಗಿ ಹೇಳ್ರಮ್ಮಾ, ಕೇಳಿಸ್ತದೆ’ ಎಂದು ಹಿಂದಿನಿಂದ ಯಾರೋ ಕೂಗಿದರು. ಉಳಿದ ಅರ್ಧ ಗಂಟೆಯ ನಾಟಕವನ್ನು ನಾವು ಮೈಕ್ ಇಲ್ಲದೆ ಮುಗಿಸಿದೆವು.

ನಾಟಕ ಈ ಊರಿಗೆ ಹೊಸ ಶೋಕಿಯೂ ಅಲ್ಲ. ಇಲ್ಲಿಯ ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿ ನಾಡೆಲ್ಲ ತಿರುಗಿತು. ಅವರ ಮಗಳು ಚಿಂದೋಡಿ ಲೀಲಾ ಆ ರಂಗದ ಮೇಲೆಯೇ ಬೆಳೆದರು. 1988ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕರ್ನಾಟಕ ನಾಟಕ ಅಕಾಡೆಮಿಗೆ ಅಧ್ಯಕ್ಷರೂ ಆದರು. 2010ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನಮ್ಮ ಶಾಲೆಯ ಅಡುಗೆಯಾಕೆ, ಅಕ್ಷರ ಬಾರದವಳು, ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಇವತ್ತಿಗೂ ನೆನಪಿದೆ. ನಮ್ಮಪ್ಪ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಪಾಳಿ ಮುಗಿಸಿ, ತಲೆಗೆ ಅಂಟಿದ ಹತ್ತಿ ಎಳೆಗಳನ್ನು ಕೊಡವಿಕೊಂಡು ನೇರವಾಗಿ ನಾಟಕಕ್ಕೆ ಹೋಗಿಬಿಡುತ್ತಿದ್ದರು. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿದ್ದ ನಮ್ಮ ಚಿಕ್ಕಪ್ಪನದೂ ಇದೇ ಕಥೆ. ಅವರು ನೋಡುವುದಷ್ಟೇ ಅಲ್ಲ, ಪಾರ್ಟೂ ಮಾಡುತ್ತಿದ್ದರು.

ಕಂಪನಿಗಳು ಅಷ್ಟು ವರ್ಷ ನಿಂತದ್ದು ಹೇಗೆ ಎಂದು ಯೋಚಿಸಿದರೆ ನನಗೆ ಮೊದಲು ನೆನಪಾಗುವುದು ಆ ಟೆಂಟು. ಊಟ ಅಲ್ಲೇ, ನಿದ್ದೆ ಅಲ್ಲೇ, ತಾಲೀಮೂ ಅಲ್ಲೇ. ಬೆಳಿಗ್ಗೆ ಮಾಸ್ತರು ಕಾಲ್ಪೆಟ್ಟಿಗೆ ಹಾರ್ಮೋನಿಯಂ ಮುಂದೆ ಕೂತರೆಂದರೆ ಪಾತ್ರಧಾರಿಗಳು ಒಬ್ಬೊಬ್ಬರಾಗಿ ಎದ್ದು ಬರುತ್ತಿದ್ದರು. ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ಹವ್ಯಾಸಿಗಳಿಗೆ ಆ ಟೆಂಟ್ ಇಲ್ಲ. ಎರಡು ಗಂಟೆಯ ನಾಟಕಕ್ಕೆ ಕಡಿಮೆ ಎಂದರೂ ನಲವತ್ತು ಸಂಜೆ ಬೇಕು. ಆ ನಲವತ್ತು ಸಂಜೆ ಎಲ್ಲಿ ಕೂರುವುದು?

ಹೋದ ವರ್ಷದ್ದನ್ನೇ ಹೇಳುತ್ತೇನೆ. ಸಾರ್ವಜನಿಕರ ಹಣದಲ್ಲಿ ಕಟ್ಟಿದ ಒಂದು ಸಮುದಾಯ ಭವನಕ್ಕೆ ಹೋಗಿ ಸಂಜೆ ಎರಡು ಗಂಟೆ ಜಾಗ ಕೊಡಿ ಎಂದು ಕೇಳಿದೆವು. ಭವನದ ಹೆಸರು ಇಲ್ಲಿ ಬೇಡ, ಅಲ್ಲಿದ್ದವರು ಒರಟರೇನಲ್ಲ. ‘ಮೇಡಂ, ನಮ್ಮಲ್ಲಿ ಒಂದೇ ರೇಟು. ಮದುವೆಗೂ ಅದೇ, ನಿಮಗೂ ಅದೇ’ ಎಂದರು. ಆ ಬಾಡಿಗೆಯನ್ನು ನಲವತ್ತರಿಂದ ಗುಣಿಸಿದರೆ ಒಂದು ಮದುವೆಯೇ ಮಾಡಬಹುದಿತ್ತು. ಕೊನೆಗೆ ನಮ್ಮ ಮನೆಯ ತಾರಸಿ ಹತ್ತಿದೆವು. ಪಕ್ಕದ ಮನೆಯ ಹುಡುಗನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅವರಮ್ಮ ಬಂದು ಕೈಮುಗಿದು ಕೇಳಿಕೊಂಡ ಮೇಲೆ ಹಾಡುಗಳನ್ನು ಪಿಸುಮಾತಿನಲ್ಲಿ ಕಲಿತೆವು. ರಂಗಗೀತೆಯನ್ನು ಪಿಸುಮಾತಿನಲ್ಲಿ ಕಲಿತರೆ ವೇದಿಕೆಯ ಮೇಲೆ ಶ್ರುತಿಯೇ ಕೂರುವುದಿಲ್ಲ, ಹಾಡಿದವರಿಗೆ ಗೊತ್ತು. ಆಮೇಲೆ ಊರಾಚೆ ಪರಿಚಯಸ್ಥರೊಬ್ಬರ ಗೋದಾಮು ಸಿಕ್ಕಿತು. ಆದರೆ ಮುಖ್ಯ ಪಾತ್ರದ ಹುಡುಗಿ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಂಗಡಿ ಬಿಡುವುದೇ ರಾತ್ರಿ ಎಂಟಕ್ಕೆ. ಬಡಾವಣೆಯೊಳಗಾದರೆ ನಡೆದೇ ಬರುತ್ತಿದ್ದಳು. ಗೋದಾಮು ಎಂದ ಕೂಡಲೇ ಮನೆಯವರು ಬೇಡವೆಂದರು. ಹನ್ನೆರಡನೆಯ ದಿನ ಬಂದು ತನ್ನ ಮಾತುಗಳನ್ನು ಬರೆದುಕೊಂಡಿದ್ದ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟು ಹೋದಳು. ನಾಟಕ ಅಲ್ಲಿಗೇ ನಿಂತಿತು. ಇದನ್ನು ಜನರ ನಿರಾಸಕ್ತಿ ಎಂದು ಕರೆದರೆ ನಾನು ಹೇಗೆ ಒಪ್ಪಲಿ?

ದೊಡ್ಡ ಕಾರ್ಯಕ್ರಮ ನಡೆಸುವುದು ನಮ್ಮ ಊರಿಗೆ ಗೊತ್ತು. 1922ರಲ್ಲಿ ಎಂ. ವೆಂಕಟಕೃಷ್ಣಯ್ಯನವರ ಅಧ್ಯಕ್ಷತೆಯಲ್ಲಿ, ಮತ್ತೆ 1992ರಲ್ಲಿ ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆದ ಊರಿದು. ಪ್ರತಿಮಾ ಸಭಾದಂಥ ಹವ್ಯಾಸಿ ಸಂಸ್ಥೆಯನ್ನು ಬೆಳೆಸಿದ ಊರು. ಉತ್ಸವ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಉತ್ಸವದ ವೇದಿಕೆ ಹತ್ತುವವರು ವರ್ಷದ ಉಳಿದ ದಿನ ಎಲ್ಲೋ ಒಂದು ಕಡೆ ಕೂತು ಕಲಿತಿರಬೇಕಲ್ಲವೇ? ಸಂಘಸಂಸ್ಥೆಗಳಿಗೆ ಸರ್ಕಾರದ ಧನಸಹಾಯ ಇದೆ, ಒಳ್ಳೆಯದೇ. ಅದಕ್ಕೆ ನೋಂದಣಿ ಬೇಕು, ಲೆಕ್ಕಪರಿಶೋಧನೆಯ ವರದಿ ಬೇಕು, ಕಾರ್ಯಕ್ರಮದ ಫೋಟೊ ಬೇಕು. ಭಜನಾ ಮಂಡಳಿಯವರು, ಸೋಬಾನೆ ಹಾಡುವ ಅಜ್ಜಿಯರು, ಡೊಳ್ಳು ಕಲಿಯುವ ಕಾಲೇಜು ಹುಡುಗರು ಇದನ್ನೆಲ್ಲ ಎಲ್ಲಿಂದ ತಂದಾರು? ಅವರು ಕೇಳುವುದು ದುಡ್ಡನ್ನಲ್ಲ, ಒಂದು ಕೋಣೆ, ಎರಡು ಟ್ಯೂಬ್‌ಲೈಟು.

ಹರಿಹರ ತಾಲ್ಲೂಕಿನ ಕೊಂಡಜ್ಜಿಗೆ ವೃತ್ತಿ ರಂಗಭೂಮಿ ರಂಗಾಯಣ ಬಂದದ್ದು ನಮಗೆಲ್ಲ ಹೆಮ್ಮೆ. ಅಲ್ಲಿ ಬಲ್ಲವರಿದ್ದಾರೆ. ಆದರೆ ದಿನಗೆಲಸ ಮುಗಿಸಿ ಬರುವವರಿಗೆ ಸಂಜೆ ಹೊತ್ತು ಕೊಂಡಜ್ಜಿಗೆ ಹೋಗಿ ಬರುವುದು ಆಗದ ಮಾತು. ಊರೊಳಗೆ ಜಾಗವಿದ್ದರೆ ಅಲ್ಲಿಯ ಮಾಸ್ತರೊಬ್ಬರು ವಾರಕ್ಕೊಮ್ಮೆ ಬಂದು ನಾಲ್ಕು ಮಟ್ಟು ಹೇಳಿಕೊಡಬಹುದು, ನಡಿಗೆ ತಿದ್ದಬಹುದು.

ಇನ್ನು ನಮ್ಮ ಬೇಡಿಕೆ. ಸಮುದಾಯ ಭವನಗಳು ಮದುವೆಗೆಂದೇ ಮೀಸಲು ಎನ್ನುತ್ತಾರಲ್ಲ, ಪಂಚಾಂಗ ತೆಗೆದು ನೋಡಿ. ಆಷಾಢದಲ್ಲಿ ನಮ್ಮ ಕಡೆ ಮದುವೆ ಮಾಡುವುದಿಲ್ಲ. ಧನುರ್ಮಾಸದಲ್ಲೂ ಇಲ್ಲ. ಆ ಎರಡು ತಿಂಗಳು ಬಹುಪಾಲು ಭವನಗಳಿಗೆ ಬೀಗ. ಆಷಾಢದಲ್ಲಿ ತಾಲೀಮು ಶುರುಮಾಡಿದರೆ ಗಣೇಶನ ಹಬ್ಬಕ್ಕೆ ನಾಟಕ ಸಿದ್ಧ. ಧನುರ್ಮಾಸದಲ್ಲಿ ಶುರುವಾದದ್ದು ಜಾತ್ರೆ ಕಾಲಕ್ಕೆ ಸಿದ್ಧ. ಮಹಾನಗರ ಪಾಲಿಕೆಗೆ 45 ವಾರ್ಡುಗಳಿವೆ. ಅವುಗಳಲ್ಲಿ ಹತ್ತು ಕಡೆಯಾದರೂ ಈ ಎರಡು ತಿಂಗಳು ಸಂಜೆ ಆರರಿಂದ ಒಂಬತ್ತರವರೆಗೆ ಭವನವನ್ನು ತಾಲೀಮಿಗೆ ಬಿಟ್ಟುಕೊಡಲಿ. ಉಳಿದ ತಿಂಗಳುಗಳಲ್ಲಿ ಸರ್ಕಾರಿ ಶಾಲೆಯ ಒಂದು ಕೊಠಡಿ ಸಾಕು. ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಮನಸ್ಸು ಮಾಡಿದರೆ ಅದೂ ಕಷ್ಟವಿಲ್ಲ.

ಹಾಳು ಮಾಡುತ್ತಾರೆ, ಗಲಾಟೆ ಮಾಡುತ್ತಾರೆ, ಕರೆಂಟ್ ಬಿಲ್ ಯಾರು ಕಟ್ಟುವುದು ಎಂಬ ಪ್ರಶ್ನೆ ಬರುತ್ತದೆ, ಬರಬೇಕಾದ್ದೇ. ಮುಂಗಡ ಠೇವಣಿ ಇಡುತ್ತೇವೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಮೀಟರ್ ರೀಡಿಂಗ್ ಪುಸ್ತಕದಲ್ಲಿ ಬರೆದು ಅಷ್ಟನ್ನು ಕಟ್ಟುತ್ತೇವೆ. ಕಸ ನಾವೇ ಗುಡಿಸುತ್ತೇವೆ. ಮೂವತ್ತೆರಡು ವರ್ಷ ಶಾಲೆಯ ಬೀಗದ ಕೈ ಇಟ್ಟುಕೊಂಡವಳು ನಾನು, ಒಂದು ದಿನವೂ ಕಳೆದಿಲ್ಲ.

ಆ ಹುಡುಗಿಯ ನೋಟ್‌ಬುಕ್ ನನ್ನ ಬಳಿಯೇ ಇದೆ. ಜಾಗ ಬಡಾವಣೆಯೊಳಗೆ ಸಿಕ್ಕರೆ ಬರುತ್ತೇನೆ ಎಂದು ಮೊನ್ನೆ ಅಂಗಡಿಯಲ್ಲಿ ಸೀರೆ ಮಡಚುತ್ತಲೇ ಹೇಳಿದಳು. ಹನ್ನೊಂದು ಜನರ ಸಹಿ ಹಾಕಿದ ಅರ್ಜಿ ಬರೆದಿಟ್ಟಿದ್ದೇವೆ. ಯಾವ ಮೇಜಿಗೆ ಕೊಡಬೇಕು ಎಂದು ಸಂಬಂಧಪಟ್ಟವರು ಈ ಪತ್ರಿಕೆಯ ಮೂಲಕ ತಿಳಿಸಿದರೆ ಮಾರನೆಯ ದಿನವೇ ತಂದುಕೊಡುತ್ತೇವೆ.

ಇತಿ,
ನಿವೃತ್ತ ಶಿಕ್ಷಕಿ
ಪಿ.ಜೆ. ಬಡಾವಣೆ, ದಾವಣಗೆರೆ