ಕಣ್ಣು ತೋರಿಸೋ ನೆಪ ಯಾಕೆ ಬೇಕು?

ನೀವು ಕೊನೇ ಸಲ ಒಬ್ಬರೇ ಬೇರೆ ಊರಿಗೆ ಹೋಗಿದ್ದು ಯಾವಾಗ? ಮದುವೆಗಲ್ಲ, ಮಗಳ ಬಾಣಂತನಕ್ಕಲ್ಲ, ಆಸ್ಪತ್ರೇಲಿ ಮಲಗಿರೋ ನೆಂಟರನ್ನು ನೋಡೋಕಲ್ಲ, ಮಗನ ಹಾಸ್ಟೆಲ್ಲಿಗೆ ಚಕ್ಕುಲಿ ಡಬ್ಬ ತಲುಪಿಸೋಕಲ್ಲ. ಸುಮ್ಮನೆ ಊರು ನೋಡೋಕೆ, ನಾಲ್ಕು ಅಂಗಡಿ ಸುತ್ತೋಕೆ. ಯೋಚನೆ ಮಾಡ್ತಾ ಕೂತ್ರಾ? ನಾನೂ ಹಾಗೇ ಕೂತಿದ್ದೆ. ಉತ್ತರ ಹೊಳೆಯಲೇ ಇಲ್ಲ. ಆಗ ನನಗೆ ನಲವತ್ತೊಂಬತ್ತು ವರ್ಷ.

ನಮ್ಮದು ಮೂಡಿಗೆರೆ ತಾಲ್ಲೂಕಿನ ಬಣಕಲ್. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯೋಕೆ ಮುಂಚೆ ನೀವು ಕಾರಿನ ಗಾಜು ಇಳಿಸಿ 'ಆಹಾ, ಏನು ಹಸಿರು!' ಅಂತೀರಲ್ಲ, ಆ ರಸ್ತೆಯಲ್ಲಿ ಸಿಗೋ ಊರು. ವಾರ ಕೊನೆ ಬಂದರೆ ಸಾಕು, ನಿಮ್ಮೂರಿನ ಕಾರುಗಳೆಲ್ಲ ನಮ್ಮ ಕಡೆ ಮುಖ ಮಾಡಿರುತ್ತವೆ. ಬನ್ನಿ, ಬೇಡ ಅನ್ನೋಲ್ಲ. ಆದರೆ ಕಾಫಿ ತೋಟದ ಹೆಂಗಸು ಒಬ್ಬಳೇ ನಿಮ್ಮೂರು ನೋಡೋಕೆ ಹೊರಟರೆ ಮಾತ್ರ ಎಲ್ಲರ ಹುಬ್ಬೂ ಮೇಲೇರುತ್ತೆ ನೋಡಿ!

2019ರ ಮಾರ್ಚ್, ಶಿವರಾತ್ರಿ ಕಳೆದ ವಾರ. ಕಾಫಿ ಕೊಯ್ಲು ಮುಗಿದಿತ್ತು, ಹೂಮಳೆಗೆ ಎಲ್ಲರೂ ಆಕಾಶ ನೋಡ್ತಿದ್ದ ಕಾಲ. ಮೂರು ದಿನ ಬೆಂಗಳೂರಿಗೆ ಹೋಗಿ ಬರ್ತೀನಿ ಅಂದೆ. ಅತ್ತೆ ಕೇಳಿದ ಮೊದಲನೇ ಮಾತು, "ಯಾಕೆ, ಯಾರಿಗೆ ಹುಷಾರಿಲ್ಲ?" ಊರು ನೋಡೋಕೆ ಅಂತ ಬಾಯಿಗೆ ಬಂದಿದ್ದನ್ನು ನುಂಗಿಕೊಂಡು, "ಕಣ್ಣು ತೋರಿಸ್ಬೇಕು ಅತ್ತೆ, ಯಾಕೋ ಮಂಜು ಮಂಜು" ಅಂದುಬಿಟ್ಟೆ. ವಿಜಯನಗರದಲ್ಲಿ ನನ್ನ ಚಿಕ್ಕಮ್ಮನ ಮಗಳಿದ್ದಾಳೆ, ಅವಳ ಮನೇಲಿ ಉಳ್ಕೋತೀನಿ ಅಂತ ಎರಡನೇ ಸುಳ್ಳನ್ನೂ ಸೇರಿಸಿದೆ. ನಮ್ಮನೆಯವರು ಪಾಪ, "ಒಳ್ಳೇ ಡಾಕ್ಟ್ರಿಗೆ ತೋರಿಸು, ದುಡ್ಡಿನ ಮುಖ ನೋಡ್ಬೇಡ" ಅಂದರು. ಆ ಮಾತು ಕೇಳಿ ನಾಚಿಕೆ ಆಯ್ತು. ಆದರೂ ಹೋದೆ.

ದುಡ್ಡು ಅವರಿಂದ ತಗೊಳ್ಳಲಿಲ್ಲ ಬಿಡಿ. ಮನೆ ಹಿಂದೆ ನೆರಳು ಬಲೆ ಕಟ್ಟಿ ನಾನು ಆಂಥೂರಿಯಂ ಬೆಳೀತೀನಿ. ನಮ್ಮ ಕಡೆ ಸುಮಾರು ಹೆಂಗಸರು ಬೆಳೀತಾರೆ. ಆ ಹೂವಿನ ದುಡ್ಡು ನನ್ನ ಹೆಸರಿನ ಪಾಸ್‌ಬುಕ್ಕಿಗೇ ಹೋಗುತ್ತೆ. ನಿಮಗೆ ಹೂವಿಲ್ಲದಿದ್ದರೆ ಸಾಸಿವೆ ಡಬ್ಬ ಇದ್ದೇ ಇದೆಯಲ್ಲ! 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ಎಷ್ಟು ಅಡುಗೆಮನೆಗಳ ಗುಟ್ಟು ಬಯಲಾಯ್ತು ಅಂತ ನೆನಪಿರಬೇಕು. ಆ ಉಳಿತಾಯವನ್ನು ಮನೆಯ ಆಪತ್ತಿಗೆ ಅಂತ ಎತ್ತಿಡ್ತೀವಿ. ಅದರಲ್ಲಿ ಕಾಲು ಭಾಗ ನಿಮ್ಮ ಕಾಲಿಗೆ ಅಂತ ಬೇರೆ ಇಡಿ.

ಮೆಜೆಸ್ಟಿಕ್ಕಿನಲ್ಲಿ ಇಳಿದಾಗ ಮಧ್ಯಾಹ್ನ ಮೂರು ಗಂಟೆ. ಮೊದಲನೇ ಲಾಡ್ಜಿನಲ್ಲಿ "ಜೊತೇಲಿ ಯಾರಿದ್ದಾರೆ?" ಅಂದರು. ಯಾರೂ ಇಲ್ಲ ಅಂದೆ. ರೂಮಿಲ್ಲ ಅಂದರು. ನನ್ನ ಹಿಂದೆಯೇ ಬಂದ ಗಂಡಸಿಗೆ ರೂಮಿತ್ತು! ಎರಡನೇ ಕಡೆ ನೇರವಾಗೇ ಹೇಳಿದರು, "ಒಂಟಿ ಲೇಡೀಸಿಗೆ ಕೊಡಲ್ಲ ಮೇಡಂ." ಮೂರನೇ ಕಡೆ ಹುಡುಗ ಒಳ್ಳೆಯವನು. ಗುರುತಿನ ಚೀಟಿ ನೋಡಿದ, ರೂಮು ಕೊಡ್ತೀನಿ ಅಂದ. "ಯಜಮಾನ್ರ ನಂಬರ್ ಒಂದು ಬರೆದುಬಿಡಿ, ಎಮರ್ಜೆನ್ಸಿಗೆ" ಅಂತ ಪುಸ್ತಕ ಮುಂದಿಟ್ಟ.

ಈಗ ಹೇಳಿ, ಯಾವ ನಂಬರ್ ಬರೆಯಲಿ? ಯಜಮಾನರ ಲೆಕ್ಕದಲ್ಲಿ ನಾನು ವಿಜಯನಗರದಲ್ಲಿದ್ದೀನಿ. ತಂಗಿಗೆ ನಾನು ಬೆಂಗಳೂರಿಗೆ ಬಂದಿರೋದೇ ಗೊತ್ತಿಲ್ಲ. ಪೆನ್ನು ಹಿಡಿದುಕೊಂಡು ನಿಂತಾಗಲೇ ತಲೆಗೆ ಹೊಳೆದದ್ದು: ಈ ಊರಿನಲ್ಲಿ ಬಸ್ಸಿಗೆ ಸಿಕ್ಕಿ ಬಿದ್ದರೆ ನಾನೆಲ್ಲಿದ್ದೆ ಅಂತ ಹೇಳೋಕೆ ಒಂದು ಜೀವವೂ ಇಲ್ಲ. ಹೆಂಗಸು ಒಬ್ಬಳೇ ಹೋಗೋದು ಅಪಾಯ ಅಂತ ಎಲ್ಲರೂ ಹೇಳ್ತಾರೆ. ಅರ್ಧ ಅಪಾಯವನ್ನು ನಾನೇ ಮನೆಯಿಂದ ಗಂಟು ಕಟ್ಟಿಕೊಂಡು ಬಂದಿದ್ದೆನಲ್ಲ!

ಕೊನೆಗೆ ತಂಗಿಯ ನಂಬರ್ ಬರೆದು ಅವಳಿಗೆ ಫೋನ್ ಮಾಡಿದೆ. "ನಮ್ಮನೆ ಇರುವಾಗ ಲಾಡ್ಜಾ ಅಕ್ಕಾ? ನಾನು ಸತ್ತಿದ್ದೀನಾ?" ಅಂತ ಹತ್ತು ನಿಮಿಷ ಅತ್ತಳು, ಬೈದಳು. ಅವಳ ಮನೆಗೆ ಹೋದರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತಿದ್ದದ್ದೇ. ಅವಳು ಒಬ್ಬಟ್ಟು ಮಾಡ್ತಾಳೆ, ನಾನು ಹೂರಣ ರುಬ್ತೀನಿ, ಮೂರು ದಿನ ಅಡುಗೆಮನೇಲೇ ಕಳೆದು ವಾಪಸ್ ಬಸ್ಸು ಹತ್ತೋದು. ಅದನ್ನೇ ಬಿಡಿಸಿ ಹೇಳಿದ ಮೇಲೆ ಸ್ವಲ್ಪ ತಣ್ಣಗಾದಳು.

ಮೊದಲನೇ ದಿನ ಚಿಕ್ಕಪೇಟೆ. ಪಕ್ಕದ ತೋಟದವರಿಗೆ ಬ್ಲೌಸ್ ಪೀಸು, ಅತ್ತಿಗೆಗೆ ಇಡ್ಲಿ ಸ್ಟ್ಯಾಂಡು, ಅತ್ತೆಗೆ ಹೂಬತ್ತಿ, ಮಹಿಳಾ ಮಂಡಲದವರಿಗೆ ಕುಚ್ಚಿನ ದಾರ. ಕಣ್ಣು ತೋರಿಸೋಕೆ ಹೊರಟವಳ ಕೈಗೂ ಹತ್ತೊಂಬತ್ತು ಸಾಮಾನಿನ ಚೀಟಿ ಬಂದಿತ್ತು! ಆ ಗಲ್ಲಿಗಳಲ್ಲಿ ಚೀಟಿ ಹಿಡಿದು ಸಾಯಂಕಾಲದವರೆಗೂ ಸುತ್ತಿದೆ. ಕತ್ತಲಾಗುವ ಹೊತ್ತಿಗೆ ನೆನಪಾಯ್ತು, ನನಗೆ ಅಂತ ಒಂದು ಕರ್ಚೀಫೂ ತಗೊಂಡಿಲ್ಲ. ಆಮೇಲೆ ಅಂಗಡಿ ಬಾಗಿಲು ಹಾಕುವಾಗ ಓಡಿ ಹೋಗಿ ಒಂದು ಸೀರೆ ಎಳೆದುಕೊಂಡೆ. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದರು ಅಂತಾರಲ್ಲ, ಹಾಗೆ. ಊರಿಗೆ ಬಂದು ಬಿಡಿಸಿದರೆ ಅಂಥದ್ದೇ ಬಣ್ಣದ್ದು ಬೀರುವಿನಲ್ಲಿ ಎರಡಿದ್ದವು.

ಅದಕ್ಕೇ ಹೇಳೋದು, ಚೀಟಿ ತಗೊಳ್ಳಲೇಬೇಡಿ. ಈಗ ಇಡ್ಲಿ ಸ್ಟ್ಯಾಂಡು ಮೊಬೈಲಿನಲ್ಲಿ ಒತ್ತಿದರೆ ಬಣಕಲ್ಲಿಗೂ ಬರುತ್ತೆ. ನಿಮಗೆ ಅಂತ ಸೀರೆ ತಗೊಳ್ಳೋದಾದರೆ ಬೆಳಗ್ಗೆ ಹೊತ್ತು ಹೋಗಿ, ಒಂದೇ ಬಗೆ ನೋಡಿ. ಮೈಸೂರು ಸಿಲ್ಕ್ ಬೇಕಿದ್ದರೆ ಕೆ.ಎಸ್.ಐ.ಸಿ. ಮಳಿಗೆಗೇ ಹೋಗಿ. ಅವರ ಪ್ರತಿ ಸೀರೆಗೂ ಬೇರೆ ಬೇರೆ ಕೋಡ್ ಸಂಖ್ಯೆ, ಹೊಲೊಗ್ರಾಂ ಇರುತ್ತೆ. ಇಳಕಲ್ ಸೀರೆ ಆಸೆಯಿದ್ದರೆ ಕೈಮಗ್ಗ ನಿಗಮದ ಪ್ರಿಯದರ್ಶಿನಿ ಇದೆ. ಪೇಟೆ ಅಂಗಡಿಯಲ್ಲಿ 'ಕೈಮಗ್ಗದ್ದೇ ಮೇಡಂ' ಅಂದರೆ ಹ್ಯಾಂಡ್‌ಲೂಮ್ ಮಾರ್ಕ್ ಎಲ್ಲಿ ಅಂತ ಕೇಳಿ. ಗಂಡನ ಜೊತೆ ಹೋದರೆ ಆಗಲ್ವಾ ಅಂತೀರಾ? ಆಗುತ್ತೆ. ಅವರು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡ್ತಾರೆ, ಐದನೇ ಸೀರೆಗೆ ನಿಮ್ಮ ಎದೆ ಹೊಡ್ಕೊಳ್ಳೋಕೆ ಶುರುವಾಗುತ್ತೆ, ಅಷ್ಟೇ.

ಎರಡನೇ ದಿನ ನಸುಕಿನಲ್ಲಿ ಕೆ.ಆರ್. ಮಾರ್ಕೆಟ್ಟು. ಸೇವಂತಿಗೆ, ಚೆಂಡುಹೂವಿನ ರಾಶಿಗಳ ಮಧ್ಯೆ ಒಂದು ಮೂಲೆಯಲ್ಲಿ ಆಂಥೂರಿಯಂ ಕಟ್ಟುಗಳು! ತವರಿನವರನ್ನು ಕಂಡ ಹಾಗಾಯ್ತು. ರೇಟು ಕೇಳಿದೆ. ನನ್ನ ಏಜೆಂಟು ಕೊಡ್ತಿದ್ದ ದುಡ್ಡಿನ ಮೂರರಷ್ಟು. ಸಾಗಣೆ, ಪ್ಯಾಕಿಂಗು, ಬಾಡಿ ಹೋಗೋ ಹೂವು ಎಲ್ಲ ಕಳೆದರೂ ಲೆಕ್ಕ ಸರಿಹೋಗಲಿಲ್ಲ. ಊರಿಗೆ ಬಂದ ವಾರವೇ ಏಜೆಂಟಿನ ಹತ್ತಿರ ಕೂತು ಮಾತಾಡಿದೆ, ರೇಟು ಏರಿತು. ಆ ವರ್ಷದ ಪ್ರವಾಸದ ಖರ್ಚು ಅಲ್ಲೇ ಹುಟ್ಟಿತು ಅಂದರೆ ನಂಬ್ತೀರಾ?

ಅಲ್ಲಿಂದ ಮೆಟ್ರೊ ಹತ್ತಿ ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ, 1889ರ ಗಾಜಿನ ಮನೆ, ಕೆಂಪೇಗೌಡರ ಗೋಪುರ ಹೊತ್ತ ಆ ಬಂಡೆ, ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ಗೊತ್ತಾ? ನನ್ನ ತಂಗಿ ಇಪ್ಪತ್ತೆರಡು ವರ್ಷದಿಂದ ಬೆಂಗಳೂರಿನಲ್ಲಿದ್ದಾಳೆ, ಲಾಲ್‌ಬಾಗ್ ನೋಡಿರೋದು ಎರಡೇ ಸಲ. ಎರಡು ಸಲವೂ ಫ್ಲವರ್ ಶೋ ನೂಕುನುಗ್ಗಲಿನಲ್ಲಿ, ಮಕ್ಕಳ ಕೈ ಹಿಡಿದುಕೊಂಡು. ಹೂವಿಗಿಂತ ಮಕ್ಕಳು ಕಳೆದು ಹೋಗದ ಹಾಗೆ ನೋಡಿದ್ದೇ ಹೆಚ್ಚು ಅಂತಾಳೆ.

ಮಧ್ಯಾಹ್ನ ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸು. 2009ರಲ್ಲಿ ಎಂ.ಜಿ. ರಸ್ತೆಯಿಂದ ಇಲ್ಲಿಗೆ ಬಂದದ್ದು. ಪೇಟ ಕಟ್ಟಿದ ಮಾಣಿ ಬಂದು "ಎಷ್ಟು ಜನ?" ಅಂದರು. ಒಬ್ಬಳೇ ಅಂದೆ. ನಿಜ ಹೇಳ್ತೀನಿ, ಹೋಟೆಲಿನಲ್ಲಿ ಒಬ್ಬಳೇ ಕೂತು ತಿಂದದ್ದು ಜೀವಮಾನದಲ್ಲಿ ಅದೇ ಮೊದಲು. ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ ಅನಿಸಿತು. ಮೊದಲ ಐದು ನಿಮಿಷ ಸುಮ್ಮನೆ ಫೋನ್ ಕಿವಿಗಿಟ್ಟುಕೊಂಡು ಕೂತಿದ್ದೆ. ಆಮೇಲೆ ತಲೆಯೆತ್ತಿ ನೋಡಿದರೆ ಯಾರಿಗೂ ನನ್ನ ಗೊಡವೆಯೇ ಇಲ್ಲ! ಕಾಫಿ ಹೇಗಿತ್ತು ಅಂತ ಮಾತ್ರ ಕೇಳ್ಬೇಡಿ. ಕಾಫಿ ತೋಟದವರಿಗೆ ಬೇರೆಯವರ ಕಾಫಿ ರುಚಿಸೋದು ಕಷ್ಟ.

ಮೂರನೇ ದಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ. ಬಿಸಿಲಿಗೆ ಹೆದರಿ ಒಳಗೆ ಹೋದೆ ಅನ್ನಿ. ಅಲ್ಲೊಂದು ಕಲ್ಲಿನ ಮುಂದೆ ಕಾಲು ನಿಂತುಬಿಡ್ತು. ಮೇಲ್ಗಡೆ ಒಂದು ನಾಯಿ, ಒಂದು ಹಂದಿ ಕಾದಾಡ್ತಿರೋ ಕೆತ್ತನೆ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಕಲ್ಲು, ಸುಮಾರು ಕ್ರಿ.ಶ. 950ರದು. ಗಂಗರ ಬೂತುಗನ ಕಡೆಯ ಮಣಲೇರ ಅನ್ನೋ ವೀರ ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿಸಿದ್ದ. ರಾಷ್ಟ್ರಕೂಟರ ದೊರೆ ಕೃಷ್ಣ ಮೆಚ್ಚಿ ಏನು ಬೇಕು ಕೇಳು ಅಂದ. ಇವನು ಬಂಗಾರ ಕೇಳಲಿಲ್ಲ, ದೊರೆಯ ಬೇಟೆನಾಯಿ ಕಾಳಿಯನ್ನು ಕೇಳಿದ. ಆ ಕಾಳಿ ಕಾಡುಹಂದಿಯ ಮೇಲೆ ಬಿದ್ದು ಕಾದಾಡಿ, ಎರಡೂ ಸತ್ತವು. ನಾಯಿಗೊಂದು ಕಲ್ಲು ನಿಲ್ಲಿಸಿ ಅದರ ಪೂಜೆಗೆ ಜಮೀನೂ ಬಿಟ್ಟರಂತೆ. ತೋಟದಲ್ಲಿ ಹಂದಿ ಕಾಟ, ನಾಯಿ ಕೂಗು ಕೇಳಿಕೊಂಡೇ ಮೂವತ್ತು ವರ್ಷ ಮಲಗಿದವಳು ನಾನು. ಅರ್ಧ ಗಂಟೆ ಅಲ್ಲೇ ನಿಂತಿದ್ದೆ. 'ನಡೀರಿ, ಹೊತ್ತಾಯ್ತು' ಅನ್ನೋಕೆ ಪಕ್ಕದಲ್ಲಿ ಯಾರೂ ಇರಲಿಲ್ಲ.

ಊರಿಗೆ ಬಂದೆ. "ಡಾಕ್ಟ್ರು ಏನಂದ್ರು?" ಅಂದರು. ನಂಬರ್ ಅಷ್ಟೇ ಇದೆಯಂತೆ, ಡ್ರಾಪ್ಸು ಕೊಟ್ಟರು ಅಂತ ಮೂರನೇ ಸುಳ್ಳು. ಹದಿನೈದು ದಿನ ತಡೆದುಕೊಂಡೆ. ಒಂದು ರಾತ್ರಿ ನಮ್ಮ ನಾಯಿ ತೋಟದ ಕಡೆ ಮುಖ ಮಾಡಿ ಬೊಗಳ್ತಿತ್ತು. "ಹಂದಿ ಇರ್ಬೇಕು" ಅಂತ ಇವರು ಟಾರ್ಚ್ ತಗೊಂಡರು. ತಡೆಯಲಾರದೆ ಕಾಳಿ ಕಥೆ ಶುರು ಮಾಡಿದೆ. ಮಣಲೇರ, ಕೃಷ್ಣ, ತಕ್ಕೋಲ ಎಲ್ಲ ಹೇಳಿದೆ. ಇವರು ಟಾರ್ಚ್ ಆರಿಸಿ ಕೂತು ಪೂರ್ತಿ ಕೇಳಿ, ಮೆಲ್ಲಗೆ ಅಂದರು, "ಇದನ್ನೆಲ್ಲ ಕಣ್ಣಾಸ್ಪತ್ರೇಲಿ ಹೇಳಿದ್ರಾ?"

ಎಲ್ಲ ಹೇಳಿದೆ. ಲಾಡ್ಜಿನ ವಿಷಯಕ್ಕೆ ಎರಡು ದಿನ ಮಾತು ಬಿಟ್ಟರು. ನೋಡಿ, ಅವರು ಕೋಪ ಮಾಡಿಕೊಂಡದ್ದು ನಾನು ಹೋಗಿದ್ದಕ್ಕಲ್ಲ. "ಏನಾದ್ರೂ ಆಗಿದ್ರೆ ನಾನು ನಿನ್ನನ್ನ ಎಲ್ಲಿ ಹುಡುಕ್ಬೇಕಿತ್ತು?" ಅನ್ನೋದೊಂದೇ ಮಾತು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಎಲ್ಲ ಗಂಡಂದಿರೂ ಹೀಗೇ ಕೇಳಿಸಿಕೊಳ್ತಾರೆ ಅಂತ ನಾನು ಹೇಳೋಲ್ಲ. ನಿಜ ಹೇಳಿದರೆ ಮನೆ ಬಾಗಿಲೇ ದಾಟೋಕಾಗದ ಹೆಂಗಸರು ನಮ್ಮೂರಲ್ಲೂ ಇದ್ದಾರೆ, ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಇದ್ದಾರೆ. ಆದರೆ ನಮ್ಮಲ್ಲಿ ಬಹಳ ಜನ ಕೇಳೋಕೆ ಮುಂಚೆಯೇ 'ಇವರು ಒಪ್ಪಲ್ಲ' ಅಂತ ತೀರ್ಮಾನ ಮಾಡಿ, ನೆಪ ಹೆಣೆಯೋಕೆ ಕೂತುಬಿಡ್ತೀವಿ. ನೆಪ ಹೇಳಿ ಹೋದರೆ ಒಂದೇ ಸಲ ಹೋಗಬಹುದು. ಮುಂದಿನ ಸಲಕ್ಕೆ ಇನ್ನೊಂದು ಕಾಯಿಲೆ ಹುಡುಕಬೇಕು! 'ಊರು ನೋಡೋಕೆ ಹೋಗ್ತೀನಿ, ಇಂಥಾ ಕಡೆ ಉಳ್ಕೋತೀನಿ, ಇಂಥಾ ದಿನ ಬರ್ತೀನಿ' ಅಂತ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಮೊದಲ ಸಲ ಮುಖ ಊದಿಸಿಕೊಳ್ತಾರೆ. ಎರಡನೇ ಸಲ ಬಸ್‌ಸ್ಟ್ಯಾಂಡಿಗೆ ಬಿಡೋಕೆ ಬರ್ತಾರೆ.

ಈಗಂತೂ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದ ಹೆಂಗಸರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಬೆಂಗಳೂರಿನ ಸಾಮಾನ್ಯ ಸಿಟಿ ಬಸ್ಸಿನಲ್ಲೂ ಇಲ್ಲ. ರಾಜಹಂಸ, ಐರಾವತ, ಮೆಟ್ರೊಗೆ ಕೊಡಬೇಕು. ಗುರುತಿನ ಚೀಟಿ ಮರೀಬೇಡಿ, ಶೂನ್ಯ ಟಿಕೆಟ್ ಕೇಳಿ ತಗೊಳ್ಳಿ. ರೂಮನ್ನು ಮನೆಯಿಂದಲೇ ಫೋನ್ ಮಾಡಿ ಗೊತ್ತು ಮಾಡಿ. 'ಒಬ್ಬಳೇ ಬರ್ತೀನಿ, ಕೊಡ್ತೀರಾ?' ಅಂತ ಮೊದಲೇ ಬಿಚ್ಚಿ ಕೇಳಿ, ತಡವರಿಸಿದರೆ ಮುಂದಿನ ನಂಬರ್ ಒತ್ತಿ. ಬೆಳಕಿರುವಾಗ ಊರು ಮುಟ್ಟಿ. ಏನಾದ್ರೂ ಆದರೆ 112. ದುಡ್ಡು ಎರಡು ಕಡೆ ಇಡಿ, ಕಾಲಿಗೆ ಹಳೇ ಚಪ್ಪಲಿ ಹಾಕಿ. ಸೋಮವಾರ ಮ್ಯೂಸಿಯಂ ರಜೆ ಇರೋದು ಜಾಸ್ತಿ, ವಿಚಾರಿಸಿಕೊಂಡು ಹೊರಡಿ. ಬೆಂಗಳೂರಿನವರೇ ಆದರೆ ರೂಮಿನ ಖರ್ಚೂ ಇಲ್ಲ ನೋಡಿ. ತಿಂಡಿ ಮುಗಿಸಿ ಹೊರಟು ಮಕ್ಕಳು ಸ್ಕೂಲಿನಿಂದ ಬರೋ ಹೊತ್ತಿಗೆ ವಾಪಸ್.

ಆಮೇಲೂ ಮೂರು ಸಲ ಹೋಗಿ ಬಂದೆ, ಎಲ್ಲ ಹೇಳಿಯೇ. ಈ ವರ್ಷ ನಿಜವಾಗಿಯೂ ಕಣ್ಣು ಮಂಜಾಗೋಕೆ ಶುರುವಾಯ್ತು. ಮೂಡಿಗೆರೆಯಲ್ಲಿ ನೋಡಿದವರು ಪೊರೆ ಇದೆ, ಬೆಂಗಳೂರಿನಲ್ಲಿ ತೋರಿಸಿ ಅಂದರು. ಬಂದು ಹೇಳಿದೆ. ಅತ್ತೆ ಸೆರಗು ಅಡ್ಡ ಹಿಡಿದು ನಗೋಕೆ ಶುರು ಮಾಡಿದರು. ಇವರು ಪೇಪರಿನಿಂದ ತಲೆಯೆತ್ತದೇ ಕೇಳಿದರು, "ಈ ಸಲ ಯಾವ ಮ್ಯೂಸಿಯಂ?"