ಕಾರಿನ ಕೀಲಿಕೈ ಕಲಿಸಿದ ಪಾಠ

ಕಳೆದ ತಿಂಗಳು ನನ್ನ ಕಾರಿನ ರಿಮೋಟ್ ಕೀಲಿಕೈ ಕೆಲಸ ನಿಲ್ಲಿಸಿತು. ಸರ್ವಿಸ್ ಸೆಂಟರ್‌ಗೆ ಒಯ್ದೆ. ಅಲ್ಲಿನ ಸಿಬ್ಬಂದಿ ಅದನ್ನು ತೆರೆದೂ ನೋಡದೆ, ‘ಇಡೀ ರಿಮೋಟನ್ನೇ ಬದಲಿಸಬೇಕು ಸಾರ್, ಏಳು ಸಾವಿರ ರೂಪಾಯಿ ಆಗುತ್ತದೆ’ ಎಂದರು. ಯೋಚಿಸಿ ಹೇಳುತ್ತೇನೆಂದು ಮನೆಗೆ ಮರಳಿದೆ. ಆರು ವರ್ಷಗಳಿಂದ ಮುಟ್ಟದೇ ಇದ್ದ ಕಾರಿನ ಕೈಪಿಡಿಯನ್ನು ತಿರುವಿದರೆ, ರಿಮೋಟಿನ ಸೆಲ್ ಬದಲಿಸುವ ವಿಧಾನ ಚಿತ್ರಸಮೇತ ಅಲ್ಲಿತ್ತು. ಗಡಿಯಾರದ ಅಂಗಡಿಯಲ್ಲಿ ಅರವತ್ತು ರೂಪಾಯಿಗೆ ಸೆಲ್ ಸಿಕ್ಕಿತು. ಐದೇ ನಿಮಿಷಗಳಲ್ಲಿ ಕಾರಿನ ಬಾಗಿಲು ತೆರೆಯಿತು.

ಇದರಲ್ಲಿ ಗಹನವಾದ ವಿದ್ಯೆಯೇನೂ ಇಲ್ಲ. ಅನೇಕ ರಿಮೋಟ್‌ಗಳಲ್ಲಿರುವುದು ಸಿಆರ್ 2032 ಎಂಬ 3 ವೋಲ್ಟ್‌ನ ಲಿಥಿಯಂ ಸೆಲ್. 20 ಮಿ.ಮೀ. ವ್ಯಾಸ, 3.2 ಮಿ.ಮೀ. ದಪ್ಪ ಎಂಬುದನ್ನು ಆ ಸಂಖ್ಯೆಯೇ ಹೇಳುತ್ತದೆ. ಹಳೆಯ ಸೆಲ್ಲಿನ ಮೇಲಿರುವ ಸಂಖ್ಯೆಯದ್ದನ್ನೇ ತರಬೇಕು. ರಿಮೋಟಿನ ಅಂಚಿನ ಸಂದಿಯಲ್ಲಿ ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಮೆಲ್ಲನೆ ತಿರುಗಿಸಿದರೆ ಕವಚ ಬಿಚ್ಚಿಕೊಳ್ಳುತ್ತದೆ. ಹಳೆಯ ಸೆಲ್ಲಿನ ಧನ ಚಿಹ್ನೆ ಯಾವ ಕಡೆಗಿತ್ತೆಂದು ಗಮನಿಸಿ, ಹೊಸದನ್ನು ಹಾಗೆಯೇ ಕೂರಿಸಿದರಾಯಿತು.

ಅರವತ್ತು ರೂಪಾಯಿಯ ಕೆಲಸ ಏಳು ಸಾವಿರದ್ದಾಗುವುದು ಹೇಗೆ? ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಬಳಸಿದ ಕಾರುಗಳ ಮಾರುಕಟ್ಟೆಯನ್ನೇ ಉದಾಹರಿಸಿ, ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದಾಗ ಏನಾಗುತ್ತದೆಂದು ವಿವರಿಸಿದ್ದರು. 2001ರ ನೊಬೆಲ್ ಪುರಸ್ಕಾರದಲ್ಲಿ ಅವರಿಗೂ ಪಾಲು ದೊರೆಯಿತು. ಸರ್ಕಾರಿ ಸೇವೆಯಲ್ಲಿ ನಾನು ಕಂಡದ್ದೂ ಇದನ್ನೇ: ಅರ್ಜಿದಾರನಿಗೆ ನಿಯಮ ತಿಳಿಯದಿರುವುದೇ ಮಧ್ಯವರ್ತಿಯ ಬಂಡವಾಳ. ಆ ಅಜ್ಞಾನವನ್ನು ನೀಗಿಸಲು ನಾವು ಅಧಿಕಾರಿಗಳು ಮಾಡಿದ್ದು ಅತ್ಯಲ್ಪ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ರಿಮೋಟಿನ ವಿದ್ಯುನ್ಮಾನ ಭಾಗವೇ ಕೆಟ್ಟಿದ್ದರೆ ತಜ್ಞರ ಬಳಿ ಹೋಗುವುದು ಅನಿವಾರ್ಯ, ನಿಜ. ಆದರೆ ಮೊದಲು ಸೆಲ್ ಪರೀಕ್ಷಿಸುವುದು ಕನಿಷ್ಠ ಪ್ರಾಮಾಣಿಕತೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್‌ನಲ್ಲಿ ‘ದುರಸ್ತಿಯ ಹಕ್ಕು’ ಪೋರ್ಟಲ್ ಆರಂಭಿಸಿದ್ದು ಸ್ವಾಗತಾರ್ಹ. ಅಷ್ಟೇ ಸಾಲದು. ಕಾರು ಒಪ್ಪಿಸುವ ದಿನ ಹಾರ ಹಾಕಿ ಫೋಟೊ ತೆಗೆಯುವ ಶೋರೂಂಗಳು, ಸೆಲ್ ಬದಲಿಸುವ ಬಗೆಯನ್ನು ತೋರಿಸಿ, ಕನ್ನಡದಲ್ಲಿ ಅಚ್ಚಾದ ಒಂದು ಹಾಳೆಯನ್ನು ಕೈಗಿಡುವುದು ಕಡ್ಡಾಯವಾಗಬೇಕು. ಬಿಡಿಭಾಗ ಬದಲಿಸಬೇಕೆನ್ನುವವರು ಅದರ ಕಾರಣವನ್ನು ಬರಹದಲ್ಲಿ ಕೊಡಬೇಕು.

ಹಕ್ಕಿನ ಜೊತೆಗೆ ಹೊಣೆಯೂ ಇದೆ. ನಾಣ್ಯದಂತೆ ಹೊಳೆಯುವ ಈ ಸೆಲ್ಲನ್ನು ಮಗು ನುಂಗಿದರೆ, ಎರಡೇ ಗಂಟೆಗಳಲ್ಲಿ ಅನ್ನನಾಳ ಸುಟ್ಟು ಪ್ರಾಣಕ್ಕೇ ಕುತ್ತು ಬರಬಹುದು. ರಿಮೋಟಿಗೆ ಸಾಲದ ಹಳೆಯ ಸೆಲ್ಲಿನಲ್ಲೂ ಅಷ್ಟು ಶಕ್ತಿ ಉಳಿದಿರುತ್ತದೆ. ನುಂಗಿರುವ ಶಂಕೆ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ತೆಗೆದ ಸೆಲ್ಲಿನ ಎರಡೂ ಬದಿಗೆ ಟೇಪ್ ಅಂಟಿಸಿ, ಮಕ್ಕಳಿಗೆ ಎಟುಕದಂತೆ ಇರಿಸಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡುವುದು ಲೇಸು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸಂಗ್ರಹ, ಮರುಬಳಕೆಯ ಹೊಣೆಯನ್ನು ಉತ್ಪಾದಕರಿಗೇ ವಹಿಸಿವೆ. ಆದರೆ ಸೆಲ್ ಮಾರಿದ ಅಂಗಡಿಯವರು ಹಳೆಯದನ್ನು ಹಿಂಪಡೆಯಲು ಒಪ್ಪಲಿಲ್ಲ. ಅದು ಇನ್ನೂ ನನ್ನ ಬೀರುವಿನ ಮೇಲಿನ ಡಬ್ಬಿಯಲ್ಲಿಯೇ ಇದೆ.