ಯಂತ್ರಕ್ಕೊಂದು ಒಪ್ಪೋಲೆ

ಹಳೆಯ ಕನ್ನಡ ಪುಸ್ತಕಗಳನ್ನು ಬಿಡಿಸಿ ನೋಡಿದವರಿಗೆ ಒಪ್ಪೋಲೆಯ ಪರಿಚಯ ಇದ್ದೇ ಇರುತ್ತದೆ. ಇಂಥ ಪುಟದ ಇಂಥ ಸಾಲಿನಲ್ಲಿ ‘ಕರಿ’ ಎಂದಿರುವುದನ್ನು ‘ಕವಿ’ ಎಂದು ತಿದ್ದಿ ಓದಿಕೊಳ್ಳಬೇಕೆಂದು ವಾಚಕರನ್ನು ಬೇಡುವ ಆ ಹಾಳೆಯನ್ನು ಕಂಡು ನಗುವವರುಂಟು. ನನಗಾದರೋ ಗ್ರಂಥಕರ್ತನ ಮೇಲೆ ಗೌರವ ಹೆಚ್ಚುವುದೇ ಆ ಹಾಳೆಯಿಂದ. ತನ್ನ ತಪ್ಪನ್ನು ತಾನೇ ಎಣಿಸಿ, ಪುಟ ಹೇಳಿ, ಸಾಲು ಹೇಳಿ, ಊರಿಗೆಲ್ಲ ಸಾರುವುದು ಸಾಮಾನ್ಯದ ಮಾತಲ್ಲ. ಕವಿ ಕರಿಯಾದರೆ ಯಾರ ಮೈಯೂ ಸುಡುವುದಿಲ್ಲ; ಆದರೂ ಒಪ್ಪೋಲೆ ಅಚ್ಚಾಗುತ್ತದೆ. ಹಾಗಿರುವಾಗ, ಮೈ ಸುಡಬಲ್ಲ ತಪ್ಪಿಗೆ ಒಪ್ಪೋಲೆ ಬೇಡವೇ?

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಕಳೆದ ದಸರೆಯ ರಜೆಯಲ್ಲಿ, ತೀರ್ಥಹಳ್ಳಿಯ ಕಡೆಯಿರುವ ಚಿಕ್ಕಪ್ಪನವರ ಅಡಕೆ ತೋಟದಲ್ಲಿ. ಮಳೆ ಹಿಂದೆಗೆದು ಕಳೆ ಮೊಣಕಾಲೆತ್ತರ ಬೆಳೆದಿತ್ತು. ಹಿಂದೆ ಹತ್ತು ಆಳುಗಳು ಕತ್ತಿ ಹಿಡಿದು ಮಾಡುತ್ತಿದ್ದ ಕೆಲಸವನ್ನು ಈಗ ಹೆಗಲಿಗೆ ತೂಗುಹಾಕಿಕೊಂಡ ಪೆಟ್ರೋಲ್ ಯಂತ್ರವೊಂದು ಮಾಡಿ ಮುಗಿಸುತ್ತದೆ. ಬೆಳಗಿನಿಂದ ಅದನ್ನು ನಡೆಸುತ್ತಿದ್ದ ಆಳು, ಪೆಟ್ರೋಲ್ ಮುಗಿದೊಡನೆ ಅಲ್ಲೇ ಮರದ ಬುಡದಲ್ಲಿ ತುಂಬಿಸಿ, ಮುಚ್ಚಳ ತಿರುಗಿಸಿ, ಅದರ ಸುತ್ತ ಚಿಂದಿಯೊಂದನ್ನು ಬಿಗಿದು, ದಾರ ಎಳೆದ. ಯಂತ್ರ ಗುಡುಗಿತು, ಚಿಂದಿ ಧಗ್ಗೆಂದಿತು. ಅವನು ಹೆಗಲ ಪಟ್ಟಿ ಕಳಚಿ ಯಂತ್ರವನ್ನೆಸೆದು ಹಾರಿದ. ನಾವು ಒದ್ದೆ ಗೋಣಿತಾಟು ಹೊದಿಸಿ ಬೆಂಕಿಯನ್ನು ಅಡಗಿಸಿದೆವು. ಅಷ್ಟರಲ್ಲಿ ಅವನ ತೋಳಿನ ಮೇಲೆ ಅಂಗೈಯಗಲದ ಚರ್ಮ ಬೆಂದಿತ್ತು.

ನೋವಿನಲ್ಲೂ ಅವನಾಡಿದ ಮೊದಲ ಮಾತು, “ತಪ್ಪಾಯ್ತು ಅಯ್ಯಾ. ಮುಚ್ಳ ಸರಿಯಾಗಿ ಕೂರ್ತಿರಲಿಲ್ಲ. ಬಟ್ಟೆ ಕಟ್ಟಿದ್ರೆ ನಿಲ್ಲುತ್ತೆ ಅಂದ್ಕಂಡೆ.”

ಅವನನ್ನು ಆಸ್ಪತ್ರೆಗೆ ತೋರಿಸಿ, ಮರುದಿನ ಯಂತ್ರವನ್ನು ಕೊಂಡ ಅಂಗಡಿಗೆ ಒಯ್ದೆ. ಅಂಗಡಿಯವರು ಮುಚ್ಚಳವನ್ನು ನೋಡಿದವರೇ, ಒಂದು ಮಾತೂ ಕೇಳದೆ, ಮೇಜಿನ ಖಾನೆಯಿಂದ ಹೊಸದೊಂದನ್ನು ತೆಗೆದುಕೊಟ್ಟರು. “ದುಡ್ಡು ಬೇಡ ಸಾರ್. ಹಳೇ ಮುಚ್ಚಳದ ಮೇಲೆ ಬಹಳ ದೂರು ಬಂತು. ಕಂಪನಿಯವರೇ ಹೊಸದು ಕಳಿಸಿದ್ದಾರೆ. ಕೇಳಿದವರಿಗೆಲ್ಲ ಕೊಡ್ತೀವಿ.”

“ಕೇಳದವರಿಗೆ?” ಎಂದೆ. ಅವರು ರಶೀದಿ ಪುಸ್ತಕವನ್ನು ಸರಿಪಡಿಸತೊಡಗಿದರು.

ಹಾಗಾದರೆ ತಪ್ಪು ಕಂಪನಿಗೆ ತಿಳಿದಿತ್ತು. ಒಪ್ಪೋಲೆಯೂ ಸಿದ್ಧವಾಗಿತ್ತು. ಅದು ಮೇಜಿನ ಖಾನೆಯೊಳಗೆ ಮಲಗಿತ್ತು, ಅಷ್ಟೆ!

ತಪ್ಪನ್ನು ಸಾರುವ ಪದ್ಧತಿ ಲೋಕದಲ್ಲಿ ಇಲ್ಲವೆಂದಲ್ಲ. ಇದೇ ಬಗೆಯ ಮುಚ್ಚಳದ ಕತೆ ಅಮೆರಿಕದಲ್ಲಿ 2011ರಲ್ಲಿ ನಡೆಯಿತು. ಸ್ಟಿಲ್ ಎಂಬ ಹೆಸರಾಂತ ಸಂಸ್ಥೆಯ ಪೆಟ್ರೋಲ್ ಯಂತ್ರಗಳಲ್ಲಿ, ಹುಲ್ಲು ಕತ್ತರಿಸುವವು, ಪೊದೆ ಸವರುವವು ಮೊದಲಾದವುಗಳಲ್ಲಿ, ಸಲಕರಣೆಯ ಹಂಗಿಲ್ಲದೆ ಬರಿಗೈಯಿಂದ ತಿರುಗಿಸುವ ಮುಚ್ಚಳವಿತ್ತು. ಪೆಟ್ರೋಲಿಗೆ ಬೆರೆಸುವ ಎಥನಾಲ್ ಮುಂತಾದವುಗಳಿಂದ ಆ ಮುಚ್ಚಳ ಆಕಾರಗೆಟ್ಟು, ಇಂಧನ ಹೊರಚೆಲ್ಲಿ ಬೆಂಕಿ ಹೊತ್ತುವ ಅಪಾಯವಿದೆಯೆಂದು ಕಂಡುಬಂದಾಗ, ಲಕ್ಷಗಟ್ಟಲೆ ಯಂತ್ರಗಳನ್ನು ಕುರಿತು ಬಹಿರಂಗ ಪ್ರಕಟಣೆ ಹೊರಟಿತು: ಬಳಸುವುದನ್ನು ನಿಲ್ಲಿಸಿ, ಮಾರಾಟಗಾರರಲ್ಲಿಗೆ ತನ್ನಿ, ಹೊಸ ಮುಚ್ಚಳವನ್ನು ಬಿಟ್ಟಿಯಾಗಿ ಹಾಕಿಸಿಕೊಳ್ಳಿ. ಆ ದೇಶದಲ್ಲಿ 1972ರ ಕಾನೂನಿನಿಂದ ಹುಟ್ಟಿದ ಗ್ರಾಹಕ ವಸ್ತು ಸುರಕ್ಷತಾ ಆಯೋಗವೊಂದಿದೆ. ಅದರ ಪ್ರಕಟಣೆಗಳನ್ನು ಓದಿದರೆ ನನಗೆ ಒಪ್ಪೋಲೆಯದೇ ನೆನಪು. ವಸ್ತು ಯಾವುದು, ಎಷ್ಟು ಮಾರಾಟವಾಗಿದೆ, ಅಪಾಯವೇನು, ಪರಿಹಾರವೇನು. ಪುಟವೂ ಉಂಟು, ಸಾಲೂ ಉಂಟು. ಚಿಕ್ಕಪ್ಪನವರ ಯಂತ್ರ ಬೇರೆ ಕಂಪನಿಯದು, ಅದರ ದೋಷವೂ ಬೇರೆಯಿರಬಹುದು. ಆದರೆ ಬೆಂಕಿಗೆ ಕಂಪನಿಯ ಭೇದವಿಲ್ಲ.

ಪೆಟ್ರೋಲಿನ ಸ್ವಭಾವವೇ ಅಂಥದು. ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದು ಹೊತ್ತಿಕೊಳ್ಳಬಲ್ಲ ಆವಿಯನ್ನು ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲೇರಿ ಚದರದೆ ನೆಲದ ಗುಂಟ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಕಾದ ಸೈಲೆನ್ಸರ್ ಪಕ್ಕದಲ್ಲೇ, ಟ್ಯಾಂಕು ಒಂದು ಗೇಣಿನ ದೂರದಲ್ಲಿ! ನಡುವೆ ಇರುವ ಕಾವಲುಗಾರ ಆ ಮುಚ್ಚಳವೊಂದೇ.

ಇನ್ನು ಎಥನಾಲಿನ ಮಾತು ನಮಗೂ ದೂರದ್ದಲ್ಲ. ನಮ್ಮ ದೇಶದ ಪೆಟ್ರೋಲಿನಲ್ಲಿ ಅದರ ಪಾಲು 2025ರಲ್ಲಿ ಶೇಕಡ 20ನ್ನು ಮುಟ್ಟಿತು. ಕಬ್ಬು ಬೆಳೆಯುವವರಿಗೆ ಇದರಿಂದ ಅನುಕೂಲವುಂಟು, ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಅದಕ್ಕೆ ಒಗ್ಗದ ರಬ್ಬರು, ಪ್ಲಾಸ್ಟಿಕ್ಕುಗಳನ್ನು ಉಬ್ಬಿಸುತ್ತದೆ, ಬಿರುಕುಗೊಳಿಸುತ್ತದೆ. ಇಂಥ ಸಣ್ಣ ಯಂತ್ರಗಳಲ್ಲಿ ಅನೇಕದರ ಕೈಪಿಡಿ ಶೇಕಡ 10ನ್ನು ಮೀರಬಾರದೆನ್ನುತ್ತದೆ. ಕೈಪಿಡಿ ಬೀರುವಿನಲ್ಲಿ, ಯಂತ್ರ ತೋಟದಲ್ಲಿ. ಒಂದಕ್ಕೊಂದು ಭೇಟಿಯೇ ಇಲ್ಲ.

ನಮ್ಮಲ್ಲಿ ಕಾನೂನಿಲ್ಲವೆಂದು ಯಾರೂ ಹೇಳುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೇರೆಗೆ 2020ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಸ್ಥಾಪಿತವಾಯಿತು. ಅಪಾಯಕರ ಸರಕನ್ನು ಹಿಂದಕ್ಕೆ ಕರೆಸುವ, ಕೊಂಡವರ ಹಣವನ್ನು ಮರಳಿ ಕೊಡಿಸುವ ಅಧಿಕಾರ 20ನೆಯ ಪ್ರಕರಣದಲ್ಲಿ ಅದಕ್ಕುಂಟು. ಆದರೆ ದೂರು ಹೋಗದೆ ಪ್ರಾಧಿಕಾರಕ್ಕೆ ಕನಸು ಬೀಳುವುದೇ? ನಾವು ಚಿಂದಿ ಕಟ್ಟುವ ಜನ. ಸೋರಿದರೆ ಬಟ್ಟೆ, ಮುರಿದರೆ ತಂತಿ, ಸುಟ್ಟರೆ ಹಣೆಬರಹ. ನಮ್ಮ ಜಾಣತನವೇ ಎಷ್ಟೋ ಕಂಪನಿಗಳ ತಪ್ಪುಗಳನ್ನು ಮುಚ್ಚಿಟ್ಟಿದೆ.

ಚಿಕ್ಕಪ್ಪನವರ ಬೀರುವನ್ನು ತೆರೆಸಿ ನೋಡಿದೆ. ಯಂತ್ರದ ಜೊತೆ ಬಂದಿದ್ದ ನೋಂದಣಿ ಚೀಟಿ ಹೆಸರು ವಿಳಾಸಗಳಿಲ್ಲದೆ ಕನ್ಯೆಯಂತೆ ಕುಳಿತಿತ್ತು. “ಇದನ್ನು ತುಂಬಿ ಕಳಿಸಿದ್ದರೆ ಅವರಿಗೆ ನಿಮ್ಮ ಮನೆ ಗೊತ್ತಾಗುತ್ತಿತ್ತಲ್ಲ, ಚಿಕ್ಕಪ್ಪ?” ಎಂದೆ. “ನೀನು ನಿನ್ನ ಫ್ರಿಜ್ಜಿನದು ತುಂಬಿದ್ದೀಯೇನಯ್ಯ ಮೇಷ್ಟ್ರೇ?” ಎಂದರು. ನಾನು ಬಾಯಿಮುಚ್ಚಿದೆ. ಮನೆಗೆ ಮರಳಿದ ದಿನವೇ ನನ್ನದನ್ನೂ ಹುಡುಕಿ ತುಂಬಿದೆನೆಂಬುದನ್ನು ವಾಚಕರು ನಂಬಬೇಕು.

ಇಂಥ ಯಂತ್ರವುಳ್ಳವರು ಇಷ್ಟನ್ನಾದರೂ ಮಾಡಲಿ. ಯಂತ್ರ ತಣಿದ ಮೇಲೆಯೇ ಪೆಟ್ರೋಲ್ ತುಂಬಿಸಬೇಕು. ಚೆಲ್ಲಿದ್ದನ್ನು ಒರೆಸಿ, ತುಂಬಿದ ಜಾಗದಿಂದ ಹತ್ತು ಅಡಿ ಆಚೆ ಹೋಗಿ ಚಾಲೂ ಮಾಡಬೇಕು. ಸೋರುವ ಮುಚ್ಚಳವನ್ನು ಬದಲಿಸಬೇಕೇ ಹೊರತು ಕಟ್ಟಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಇದನ್ನು ಓದಿದವರು ಯಂತ್ರ ಹೊರುವವನಿಗೆ ಹೇಳಬೇಕು. ಪ್ರಕಟಣೆಯನ್ನು ಓದುವವನು ಒಬ್ಬ, ಬೆಂಕಿಯ ಬಳಿ ನಿಲ್ಲುವವನು ಇನ್ನೊಬ್ಬ.

ಹೊರಡುವ ದಿನ ಅವನನ್ನು ಕಂಡು ಹೊಸ ಮುಚ್ಚಳವನ್ನು ತೋರಿಸಿದೆ. ಅಂಗಡಿಯವರು ಹೇಳಿದ್ದನ್ನೂ ಹೇಳಿದೆ. ಪಟ್ಟಿ ಕಟ್ಟಿದ ತೋಳನ್ನು ಮಡಿಲಲ್ಲಿಟ್ಟುಕೊಂಡು ಅವನು ಮುಚ್ಚಳವನ್ನು ಬಹಳ ಹೊತ್ತು ತಿರುಗಿಸಿ ನೋಡಿದ.

“ಹಂಗಾದ್ರೆ ತಪ್ಪು ನಂದಲ್ಲ ಅನ್ನಿ” ಎಂದ.

ಅಲ್ಲವೆಂದೆ. ಅವನಿಗೆ ಆ ಮಾತನ್ನು ಹೇಳಬೇಕಾಗಿದ್ದವರು ಬೇರೆಯವರು.